ಎರಡು ಗ್ರಾಮಿನ ಕೆಳಗಿನ ಚಿನ್ನ

ಬೋನಸ್ ಕೈಗೆ ಬಂದ ವಾರ ಪೇಟೆಯ ಚಿನ್ನದ ಅಂಗಡಿಗಳಲ್ಲಿ ನಿಲ್ಲಲು ಸ್ಥಳವಿರುವುದಿಲ್ಲ. ಇದನ್ನು ಕಂಡು ಬಡವರ ಒಡವೆ ಹುಚ್ಚೆಂದು ನಗುವವರಿದ್ದಾರೆ. ಗಿರಣಿಯ ಕೂಲಿಗಾರನ ಹೆಂಡತಿಯ ಕಿವಿಯಲ್ಲಿರುವುದು ಬರಿಯ ಶೃಂಗಾರವಲ್ಲ. ಕಾಯಿಲೆ ಬಂದ ದಿನ, ಲಾಕೌಟ್ ಆದ ದಿನ ಗಿರವಿಗೆ ಹೋಗುವ ಉಳಿತಾಯ ಅದು. ಅದು ಚಿನ್ನವೋ ಗಿಲೀಟೋ ಎಂಬುದು ಗೊತ್ತಾಗುವುದೂ ಆ ದಿನವೇ. ಕೊಂಡಾಗ 22 ಕ್ಯಾರೆಟ್ ಎನಿಸಿಕೊಂಡ ಓಲೆ ಗಿರವಿಯವನ ಕಲ್ಲಿನ ಮೇಲೆ 18ಕ್ಕೆ ಇಳಿದರೆ, ಹತ್ತು ಗ್ರಾಮಿಗೆ ಒಂದೂವರೆ ಗ್ರಾಮಿಗೂ ಮಿಕ್ಕಿ ಚಿನ್ನ ಹೋಯಿತೆಂದೇ ಲೆಕ್ಕ.

ಜನರು ನಂಬಿರುವ ಪರೀಕ್ಷೆಗಳು ಈ ಮೋಸವನ್ನು ತಡೆಯಲಾರವು. ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣವಿದೆಯೆಂದು ತಿಳಿದೀತು. ಆದರೆ ತಾಮ್ರ, ಹಿತ್ತಾಳೆ, ಬೆಳ್ಳಿಗಳೂ ಅಂಟುವುದಿಲ್ಲವಲ್ಲ! ಹಲ್ಲಿನಲ್ಲಿ ಕಚ್ಚಿ ನೋಡಿದರೆ ಸೀಸವೂ ಮೆತ್ತಗೇ ಇರುತ್ತದೆ. ಒರೆಗಲ್ಲು ಇವೆಲ್ಲಕ್ಕಿಂತ ಮೇಲು. ಕಲ್ಲಿಗೆ ತಿಕ್ಕಿದ ಗೆರೆಗೆ ನೈಟ್ರಿಕ್ ಆಮ್ಲ ಮುಟ್ಟಿಸಿದರೆ ಹಿತ್ತಾಳೆಯ ಗೆರೆ ಕರಗಿ ಹೋಗುತ್ತದೆ, ಚಿನ್ನದ ಗೆರೆ ನಿಲ್ಲುತ್ತದೆ. ಆದರೆ ಮೇಲಿನ ಲೇಪ ದಪ್ಪವಾಗಿದ್ದರೆ ಕಲ್ಲಿನ ಮೇಲೆ ಬೀಳುವುದು ಲೇಪದ ಗೆರೆಯೇ. 22ಕ್ಕೂ 20ಕ್ಕೂ ಭೇದ ಹೇಳಲು ಪಳಗಿದ ಕಣ್ಣು ಬೇಕು. ಕಲ್ಲೂ ಅಂಗಡಿಯವನದು, ಕಣ್ಣೂ ಅವನದೇ.

ಆದುದರಿಂದಲೇ ಸರ್ಕಾರದ ಮುದ್ರೆ ಬೇಕಾಯಿತು. 2021ರ ಜೂನ್‌ನಲ್ಲಿ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಭೂತಗನ್ನಡಿ ಕೇಳಿ ಪಡೆದು ಮೂರು ಗುರುತು ನೋಡಬೇಕು: ಭಾರತೀಯ ಮಾನಕ ಸಂಸ್ಥೆಯ ಚಿಹ್ನೆ, 22 ಕ್ಯಾರೆಟ್ಟಾದರೆ 916 ಎಂಬ ಅಂಕಿ (ಸಾವಿರ ಭಾಗಕ್ಕೆ 916 ಭಾಗ ಚಿನ್ನವೆಂದರ್ಥ), ಆರು ಅಕ್ಷರ ಅಂಕಿಗಳ ಗುರುತು ಸಂಖ್ಯೆ. ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಈ ಸಂಖ್ಯೆ ಒತ್ತಿದರೆ ಒಡವೆಯ ವಿವರ ಬರುತ್ತದೆ. ಕೆಡಿಎಂ ಎಂದು ಹೇಳಿ ಮಾರುವವರಿಗೆ ಮರುಳಾಗಬಾರದು. ಅದು ಕ್ಯಾಡ್ಮಿಯಂ ಬೆಸುಗೆಯ ಹೆಸರು. ಮುದ್ರೆಯಿದ್ದೂ ಚಿನ್ನ ಕಡಿಮೆ ಬಂದರೆ, ಕೊರತೆಯ ಬೆಲೆಯ ಎರಡರಷ್ಟನ್ನೂ ಪರೀಕ್ಷೆಯ ಖರ್ಚನ್ನೂ ಅಂಗಡಿಯವನು ಕೊಡಬೇಕೆಂದು 2018ರ ನಿಯಮ ಹೇಳುತ್ತದೆ.

ಇಷ್ಟು ಒಳ್ಳೆಯ ಕಾನೂನು ಯಾರ ಮನೆಯ ಬಾಗಿಲಿನವರೆಗೆ ಬಂದಿದೆ? 2020ರ ಆಜ್ಞೆಯಲ್ಲಿ ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಮುದ್ರೆಯಿಂದ ವಿನಾಯಿತಿ ಕೊಡಲಾಗಿದೆ. ಐವತ್ತು ಗ್ರಾಮಿನ ಹಾರ ಕೊಳ್ಳುವವರಿಗೆ ರಕ್ಷಣೆಯಿದೆ. ಮೂಗುಬೊಟ್ಟು, ತಾಳಿಯ ಗುಂಡು, ಮಗುವಿನ ಉಂಗುರ ಕೊಳ್ಳುವವರಿಗೆ ಅಂಗಡಿಯವನ ಮಾತೇ ಮುದ್ರೆ! ಅಷ್ಟು ಸಣ್ಣ ಒಡವೆಯ ಮೇಲೆ ಮುದ್ರೆಗೆ ಜಾಗವೆಲ್ಲಿ ಎಂದು ಕೇಳಿಯಾರು. ಬಿಲ್ಲಿನ ಮೇಲೆ ಜಾಗವಿದೆಯಷ್ಟೆ?

ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ನಾವು ಒಪ್ಪುವುದಿಲ್ಲ. 1963ರಲ್ಲಿ ಚಿನ್ನ ನಿಯಂತ್ರಣ ತಂದು ಹೊಸ ಒಡವೆಗೆ 14 ಕ್ಯಾರೆಟ್ಟಿನ ಮಿತಿ ಹಾಕಿದಾಗ ಬೀದಿಗೆ ಬಿದ್ದವನು ಕುಲುಮೆಯ ಮುಂದೆ ಕುಳಿತಿದ್ದ ಆ ಬಡ ಕಸುಬುದಾರನೇ. ವರ್ಷಕ್ಕೆ 40 ಲಕ್ಷದೊಳಗೆ ವ್ಯಾಪಾರ ಮಾಡುವ ಅಂಗಡಿಗೂ ಕಾನೂನಿನಲ್ಲಿ ವಿನಾಯಿತಿಯಿದೆ. ಅದು ಸಣ್ಣ ವರ್ತಕನಿಗೆ ಉಪಕಾರವೆಂದು ನಮಗೆ ತೋರುವುದಿಲ್ಲ. ಮುದ್ರೆಯಿಲ್ಲದ ಅಂಗಡಿಯೆಂದು ಗಿರಾಕಿ ದೊಡ್ಡ ಅಂಗಡಿಗೆ ನಡೆಯುತ್ತಾನೆ.

ತಾಲ್ಲೂಕಿಗೊಂದು ಪರೀಕ್ಷಾ ಕೇಂದ್ರ ತೆರೆಯಬೇಕು. ಎರಡು ಗ್ರಾಮಿನ ಕೆಳಗಿನ ಒಡವೆಗೂ ತೂಕ, ಕ್ಯಾರೆಟ್, ಕೂಲಿಗಳನ್ನು ಬೇರೆಬೇರೆಯಾಗಿ ಬರೆದ ಬಿಲ್ಲು ಕಡ್ಡಾಯವಾಗಬೇಕು. ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ಬರುವ ಬೋನಸ್ಸಿಗೆ ಸಂಘದವರು ನಾಲ್ಕೈದು ಮಂದಿ ಕೂಡಿಯೇ ಅಂಗಡಿಗೆ ಹೋಗಲಿ, ಬಿಲ್ಲು ಬರೆಸಿಕೊಳ್ಳದೆ ಮೆಟ್ಟಿಲಿಳಿಯದಿರಲಿ.