ಬೆರಕೆಯ ಪ್ರಮಾಣವೊಂದೇ ಸಾಲದು

ಕಲ್ಲುಗುಂಡಿಯ ಸುತ್ತಣ ಗುಡ್ಡಗಳಲ್ಲಿ ರಬ್ಬರ್ ತೋಟಗಳುಂಟು. ಮುಂಜಾನೆ ಮರದ ತೊಗಟೆಯನ್ನು ಗೀರಿ ಸಂಗ್ರಹಿಸಿದ ಹಾಲು, ಆಮ್ಲ ಬೆರೆತಾಗ ಹೆಪ್ಪುಗಟ್ಟಿ, ಯಂತ್ರದಲ್ಲಿ ಒತ್ತಿಸಿಕೊಂಡು ಶೀಟಾಗುತ್ತದೆ. ತೂಕಕ್ಕೆ ಮಾರಾಟವಾಗಿ ಊರು ಬಿಡುತ್ತದೆ. ಬಳಿಕ ಅದರ ಗತಿಯೇನೆಂದು ನಾವು ವಿಚಾರಿಸುವುದು ಅಪರೂಪ.

ಕೆಲವು ಸಾಮಗ್ರಿಗಳಿಗಾಗಿ ರಬ್ಬರನ್ನು ಪಾಲಿಪ್ರೊಪಿಲೀನಿನಂತಹ ಗಡಸು ಪ್ಲಾಸ್ಟಿಕ್ಕಿನೊಡನೆ ಬೆರೆಸುವರು. ಎರಡೂ ಪಾಲಿಮರುಗಳೇ, ಎಂದರೆ ಉದ್ದನೆಯ ಸರಪಳಿಯಂತಹ ಅಣುಗಳುಳ್ಳ ವಸ್ತುಗಳೇ. ಆದರೂ ಅವು ಹಾಲು ನೀರಿನಂತೆ ಒಂದಾಗವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಮಾನ್ಯವಾಗಿ ಒಂದು ಕಡಲಾಗಿಯೂ ಇನ್ನೊಂದು ಅದರೊಳಗಣ ದ್ವೀಪಗಳಾಗಿಯೂ ಕಾಣುವುವು.

ಅರ್ಧಕ್ಕರ್ಧ ಬೆರೆಸಿದರೆ ಪೆಡಸುತನವೂ ನಡುಮಧ್ಯೆ ನಿಲ್ಲುವುದೆಂದು ನಾವು ಊಹಿಸುತ್ತೇವೆ. ಊಹೆಯನ್ನು ಪರೀಕ್ಷಿಸೋಣ. ಸಮನಾದ ಅಳತೆಯ ಒಂದು ರಬ್ಬರ್ ಪಟ್ಟಿಯನ್ನೂ ಒಂದು ಪ್ಲಾಸ್ಟಿಕ್ ಪಟ್ಟಿಯನ್ನೂ ತುದಿಗೆ ತುದಿ ಜೋಡಿಸಿ ಎಳೆಯಿರಿ. ರಬ್ಬರು ಸುಲಭವಾಗಿ ಹಿಗ್ಗುವುದು. ಅವನ್ನೇ ಪಕ್ಕಪಕ್ಕದಲ್ಲಿರಿಸಿ, ತುದಿಗಳನ್ನು ಬಿಗಿದು ಎಳೆಯಿರಿ, ಪ್ಲಾಸ್ಟಿಕ್ಕು ಜಗ್ಗಗೊಡದು. ರಬ್ಬರಿನ ಪೆಡಸುತನ 1, ಪ್ಲಾಸ್ಟಿಕ್ಕಿನದು 1000 ಎಂದಿಟ್ಟುಕೊಂಡರೆ, ಮೊದಲನೆಯ ಜೋಡಣೆಯ ಪೆಡಸುತನ ಸುಮಾರು 2, ಎರಡನೆಯದರದು ಸುಮಾರು 500. ವಸ್ತುಗಳು ಅವೇ, ಪ್ರಮಾಣವೂ ಅದೇ. ವ್ಯತ್ಯಾಸ ಮಾತ್ರ 250 ಪಟ್ಟು!

ನಿಜವಾದ ಮಿಶ್ರಣಗಳು ಈ ಎರಡು ಮೇರೆಗಳ ನಡುವೆ ನಿಲ್ಲುವುವು. ಪ್ಲಾಸ್ಟಿಕ್ಕು ಕಡಲಾದರೆ ಪೆಡಸು, ರಬ್ಬರು ಕಡಲಾದರೆ ಮೆದು. ಯಾವುದು ಕಡಲಾಗಬೇಕೆಂಬುದನ್ನು ಪ್ರಮಾಣವಲ್ಲದೆ, ಕರಗಿದಾಗಿನ ಸ್ನಿಗ್ಧತೆಯೂ ಕಲಸುವ ಬಗೆಯೂ ನಿರ್ಧರಿಸುತ್ತವೆ.

ಪ್ರಮಾಣವು ನಿರರ್ಥಕವೆಂದು ನನ್ನ ವಾದವಲ್ಲ. ಆದರೆ "ಶೇಕಡಾ ಎಷ್ಟು?" ಎಂದು ಕೇಳಿ ಸುಮ್ಮನಾಗುವ ಅಭ್ಯಾಸವು ವಿಜ್ಞಾನಕ್ಕೂ ವ್ಯವಹಾರಕ್ಕೂ ಹಾನಿಕರ. ಬಗೆಬಗೆಯ ಹಳೆಯ ಪ್ಲಾಸ್ಟಿಕ್ಕುಗಳನ್ನು ಒಟ್ಟಿಗೆ ಕರಗಿಸಿ ಹಲಗೆ ಹೊಯ್ದರೆ ಕಸದ ಸಮಸ್ಯೆ ತೀರಿತೆನ್ನುವವರುಂಟು. ಒಳಗಿನ ದ್ವೀಪಗಳು ದೊಡ್ಡವಾಗಿ, ಅವುಗಳ ಅಂಚು ಕಡಲಿಗೆ ಅಂಟದೆ ಉಳಿದರೆ, ಆ ಹಲಗೆ ಬೇಗನೆ ಮುರಿದು ಮತ್ತೆ ಕಸವೇ ಆದೀತು. ಅದರ ಮೇಲೆ ಕುಳಿತವನನ್ನು ಪಾಕದ ಚೀಟಿ ಕಾಪಾಡದು.

ಆದುದರಿಂದ "ಒಳಗೆ ಹೇಗೆ ಹರಡಿದೆ?" ಎಂಬ ಪ್ರಶ್ನೆಯನ್ನೂ ನಮ್ಮ ತರಗತಿಗಳಲ್ಲಿ ಕಲಿಸಬೇಕು. ಪ್ರಯೋಗಕ್ಕೆ ಬೇಕಾದುದು ಎರಡು ಪಟ್ಟಿಗಳು ಮಾತ್ರ. ರಬ್ಬರ್ ಬೆಳೆಯುವ ನಾಡಿನ ವಿದ್ಯಾರ್ಥಿಗಳೇ ಇದಕ್ಕೆ ಮೊದಲಿಗರಾಗುವುದು ಉಚಿತವಲ್ಲವೇ?