ಸಿಲ್ವರ್ ಓಕಿನ ತವರಿನಿಂದ ಒಂದು ಪಾಠ

ನಮ್ಮ ಕಾಫಿ ತೋಟಗಳಲ್ಲಿ ಎಲ್ಲೆಲ್ಲೂ ಕಾಣುವ ಸಿಲ್ವರ್ ಓಕ್ ಈ ನೆಲದ ಮರವಲ್ಲ. ಅದರ ತವರು ಆಸ್ಟ್ರೇಲಿಯದ ಪೂರ್ವ ಭಾಗ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ದಕ್ಷಿಣದ ಕಾಡುಗಳು ಮತ್ತು ಅದಕ್ಕೆ ತಾಗಿದ ಸೀಮೆ. ಆ ಮರವನ್ನು ನಾವು ನೆರಳಿಗೆಂದು ತಂದುಕೊಂಡೆವು. ಆದರೆ ಅದೇ ರಾಜ್ಯದ ಉತ್ತರ ಭಾಗದ ರೈತರು ಕಾಡು ಕಳೆದುಕೊಂಡ ಮೇಲೆ ಕಲಿತ ಪಾಠವನ್ನು ತರಲಿಲ್ಲ. ಆ ಪಾಠ ನಮಗೂ ಬೇಕಾದದ್ದು ಎಂಬುದು ನನ್ನ ಅಭಿಪ್ರಾಯ.

ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಆಥರ್ಟನ್ ಎಂಬ ಪ್ರಸ್ಥಭೂಮಿ ಇದೆ. ಎತ್ತರ ಸುಮಾರು 2,000ದಿಂದ 3,000 ಅಡಿ. ಜ್ವಾಲಾಮುಖಿಯಿಂದಾದ ಕೆಂಪು ಮಣ್ಣು, ಒಳ್ಳೆಯ ಮಳೆ. ಹೆಚ್ಚುಕಡಿಮೆ ನಮ್ಮ ಮಲೆನಾಡಿನ ಹವೆ. ಅಲ್ಲಿನ ಮಳೆಕಾಡಿನ ರಾಜ ಕೌರಿ ಪೈನ್. ಲಾಲ್‌ಬಾಗಿನಲ್ಲಿ ಕಾಣುವ ಅರಾಕೇರಿಯಾ ಮರಗಳ ಕುಟುಂಬಕ್ಕೆ ಸೇರಿದ್ದು. ಹೂವಿಲ್ಲ, ಕಾಯಿಯ ಬದಲು ಶಂಕು. ಬ್ಯಾರಿನ್ ಎಂಬ ಸರೋವರದ ದಡದಲ್ಲಿ ಅಕ್ಕಪಕ್ಕ ನಿಂತಿರುವ ಎರಡು ಕೌರಿ ಮರಗಳು ಸುಮಾರು 150 ಅಡಿ ಎತ್ತರವಿವೆ. ನೋಡಲು ಜನ ದೂರದಿಂದ ಬರುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಲ್ಲಿಗೆ ಮೊದಲು ಬಂದವರು ಮರ ಕಡಿಯುವವರು. ಅವರಿಗೆ ಬೇಕಾದದ್ದು ಕೆಂಪು ಸೀಡರ್. ನಮ್ಮ ಘಟ್ಟದ ಗಂಧಗರಿಗೆಯೂ ಅದೇ ಜಾತಿ. ಬಳಿಕ ಕೌರಿಯ ಸರದಿ. ಅನಂತರ ಬಂದ ರೈತರು ಜೋಳಕ್ಕೂ ಹಾಲಿನ ದನಗಳ ಹುಲ್ಲುಗಾವಲಿಗೂ ನೆಲ ಬಿಡಿಸಿದರು. ಕೆಂಪು ಮಣ್ಣಿನ ಮೇಲಿನ ಕಾಡು ಚೂರುಚೂರಾಗಿ ಉಳಿಯಿತು. 1988ರಲ್ಲಿ ಆ ಪ್ರದೇಶದ ಮಳೆಕಾಡುಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿ, ಅಲ್ಲಿ ನಾಟಾ ಕಡಿತ ನಿಂತಿತು. ಮರದ ಕೆಲಸವನ್ನೇ ನಂಬಿದ್ದ ಊರುಗಳು ವಿರೋಧಿಸಿದವು. ಅವರ ಸಿಟ್ಟಿಗೂ ಕಾರಣವಿತ್ತು.

ಆದರೆ ಕಾನೂನು ನಿಂತ ಮರವನ್ನು ಉಳಿಸೀತು. ತುಂಡಾದ ಕಾಡನ್ನು ಕೂಡಿಸಲಾರದು. ಕೌರಿಯ ರೆಕ್ಕೆಬೀಜ ಗಾಳಿಯಲ್ಲಿ ಹಾರಿ ಹುಲ್ಲುಗಾವಲಿಗೆ ಬಿದ್ದರೆ ವ್ಯರ್ಥ. ಅದು ಬಹುಕಾಲ ಜೀವ ಹಿಡಿದಿರುವ ಬೀಜವಲ್ಲ. ಉಳಿದ ಬಹುಪಾಲು ಮರಗಳ ಬೀಜ ಸಾಗಿಸುವುದು ಹಕ್ಕಿ, ಬಾವಲಿ, ಇಲಿಗಳು. ಬಯಲು ದಾಟಲು ಅಂಜುವ ಪ್ರಾಣಿ ಬಾರದಿದ್ದರೆ ಬೀಜವೂ ಬಾರದು. ಚಿಕ್ಕ ತುಂಡಿನ ಅಂಚಿಗೆ ಬಿಸಿಲು, ಗಾಳಿ, ಬಳ್ಳಿ ನುಗ್ಗುತ್ತವೆ. ಹೀಗೆ ಕೊಡಲಿ ಬೀಳದೆಯೂ ಕಾಡು ಬಡವಾಗುತ್ತದೆ.

ಇದನ್ನು ಕಂಡು ಅಲ್ಲಿನ ಜನ 1982ರಲ್ಲಿ ಟ್ರೀಟ್ ಎಂಬ ಸಂಘ ಕಟ್ಟಿ ನಾಡಮರಗಳ ಸಸಿ ನೆಡತೊಡಗಿದರು. 1995ರಿಂದ 1998ರವರೆಗೆ, ಒಂಟಿಯಾಗಿ ಉಳಿದಿದ್ದ ಬ್ಯಾರಿನ್ ಸರೋವರದ ಕಾಡನ್ನು ದೊಡ್ಡ ಕಾಡಿಗೆ ಕೂಡಿಸಲು, ಒಂದು ದನದ ಫಾರಮ್ಮಿನ ನಡುವೆ ಹಳ್ಳದ ಗುಂಟ 1.2 ಕಿಲೋಮೀಟರ್ ಉದ್ದ, 100 ಮೀಟರ್ ಅಗಲದ ಮರಪಟ್ಟಿ ಎಬ್ಬಿಸಿದರು. ಜಮೀನಿನವರು ಒಪ್ಪಿ ಜಾಗ ಬಿಟ್ಟರು. ದನಗಳಿಗೆ ಬೇರೆ ಕಡೆ ನೀರಿನ ತೊಟ್ಟಿ, ನೆರಳಿನ ಸಾಲುಮರ ಸಿಕ್ಕವು. ಮೂರೇ ವರ್ಷಗಳಲ್ಲಿ, ಯಾರೂ ನೆಡದ ನೂರಕ್ಕೂ ಹೆಚ್ಚು ಜಾತಿಯ ಗಿಡಗಳು ಅಲ್ಲಿ ತಾವಾಗಿ ಹುಟ್ಟಿದವು. ಕಾಡಿಲಿಗಳು ಓಡಾಡತೊಡಗಿದವು. ಕಾಡು ಕೂಡಿಸಿದ್ದು ರೈತನ ಹಳ್ಳದ ದಂಡೆ.

ಈಗ ನಮ್ಮ ಕಡೆ ನೋಡೋಣ. ಅವರು ಕಳೆದುಕೊಂಡು ಕಷ್ಟಪಟ್ಟು ಕಟ್ಟಿದ್ದು ನಮ್ಮಲ್ಲಿ ಇನ್ನೂ ಇದೆ. ಅತ್ತಿ, ಬಸರಿ, ಗೋಣಿ, ಹಲಸು, ನಂದಿ, ಹೊನ್ನೆಗಳ ನೆರಳಿನ ಕಾಫಿ ತೋಟ, ಅಡಿಕೆಯವರ ಸೊಪ್ಪಿನಬೆಟ್ಟ, ಕಾನು: ಇವೆಲ್ಲ ಕಾಡಿನಿಂದ ಕಾಡಿಗೆ ಹಾಸಿದ ಸೇತುವೆಗಳೇ. ಅವುಗಳನ್ನು ಒಂದೊಂದಾಗಿ ತೆಗೆದು ಸಿಲ್ವರ್ ಓಕ್ ನೆಡುತ್ತಿದ್ದೇವೆ. ಅತ್ತಿಮರಕ್ಕೆ ಮಂಗಟ್ಟೆ ಬರುತ್ತದೆ. ಸಿಲ್ವರ್ ಓಕಿನ ಒಣಬೀಜಕ್ಕೆ ಯಾವ ಮಂಗಟ್ಟೆಯೂ ಬಾರದು.

ಇದರಲ್ಲಿ ಬೆಳೆಗಾರನನ್ನೇ ದೂರುವುದು ನ್ಯಾಯವಲ್ಲ. ಸಿಲ್ವರ್ ಓಕ್ ನೆಟ್ಟಗೆ, ಬೇಗ ಬೆಳೆಯುತ್ತದೆ. ಮೆಣಸಿನ ಬಳ್ಳಿಗೆ ಆಧಾರ. ಕಷ್ಟಕಾಲಕ್ಕೆ ಕಡಿದು ಮಾರಬಹುದು. 1976ರ ಮರ ಸಂರಕ್ಷಣಾ ಕಾಯಿದೆಯಲ್ಲಿ ಅದಕ್ಕೆ ವಿನಾಯಿತಿ ಇದೆ. ನಂದಿಯನ್ನೋ ಹೊನ್ನೆಯನ್ನೋ ತಾನೇ ನೆಟ್ಟು ಬೆಳೆಸಿದವನು ಅನುಮತಿಗಾಗಿ ಅಲೆಯಬೇಕು. ಪರದೇಶದ ಮರಕ್ಕೆ ಸಲೀಸು, ನಾಡಮರಕ್ಕೆ ತೊಡಕು ಎಂದರೆ ಯಾರು ನಾಡಮರ ನೆಟ್ಟಾರು? ತಾನು ನೆಟ್ಟ ನಾಡಮರವನ್ನು ಬೆಳೆಗಾರ ಸುಲಭವಾಗಿ ಕಡಿಯುವಂತಾದರೆ ಮರಗಳು ಕಡಿಮೆಯಾಗುವುದಿಲ್ಲ, ಹೆಚ್ಚುತ್ತವೆ. ಈ ಬೇಡಿಕೆಯನ್ನು ನಮ್ಮ ಸಂಘಗಳು ಒಕ್ಕೊರಲಿನಿಂದ ಸರ್ಕಾರದ ಮುಂದಿಡಬೇಕು.

ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕಾಗಿಲ್ಲ. ಸಿಲ್ವರ್ ಓಕನ್ನು ಪೂರ್ತಿ ಕಿತ್ತೊಗೆಯಿರಿ ಎಂದು ನಾನು ಹೇಳುತ್ತಿಲ್ಲ. ಹಳ್ಳದ ಎರಡು ದಂಡೆಗಳನ್ನು ನಾಡಮರಗಳಿಗೇ ಬಿಡೋಣ. ಇರುವ ಅತ್ತಿ, ಗೋಣಿಗಳಿಗೆ ಕೊಡಲಿ ಹಾಕದಿರೋಣ. ಮೇಲಿನ ತೋಟದವರು ಬಿಟ್ಟ ಪಟ್ಟಿ ಕೆಳಗಿನವರ ಪಟ್ಟಿಗೆ ತಾಗುವಂತೆ ನೆರೆಹೊರೆಯವರು ಮಾತಾಡಿಕೊಳ್ಳೋಣ. ಸಂಘದ ನರ್ಸರಿಯಲ್ಲಿ ಮೆಣಸು, ಕಾಫಿ ಸಸಿಗಳ ಪಕ್ಕ ನಾಡಮರಗಳಿಗೂ ಒಂದು ಮಡಿ ಇರಲಿ. ಹಳ್ಳದ ನೀರನ್ನು ನಂಬಿರುವವರು ನಾವೇ. ಅದರ ದಂಡೆಯನ್ನು ಕಾಯುವ ಹೊಣೆಯೂ ನಮ್ಮದೇ.