ಪರನಾಡಿನಲ್ಲಿ ವಿದ್ಯಾರ್ಥಿಯಾದವರು



ಸೇವೆ ಎಂಬ ಮಾತನ್ನು ನಾವೆಲ್ಲರೂ ಮೇಲಿಂದ ಮೇಲೆ ಕೇಳುತ್ತೇವೆ. ವಾರ್ಷಿಕೋತ್ಸವದ ವೇದಿಕೆಯಿಂದ ಕೇಳುತ್ತೇವೆ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿಯೂ ಕೇಳುತ್ತೇವೆ. ಉಳ್ಳವನು ಇಲ್ಲದವನಿಗೆ ಕೊಡುವುದು, ತಿಳಿದವನು ತಿಳಿಯದವನಿಗೆ ಹೇಳುವುದು, ಇದೇ ಸೇವೆಯೆಂದು ನಮ್ಮಲ್ಲಿ ಹೆಚ್ಚಿನವರ ಎಣಿಕೆ. ಈ ಎಣಿಕೆ ಅರ್ಧ ಮಾತ್ರ ಸರಿಯೆಂದು ನಮಗೆ ತೋರುತ್ತದೆ. ಉಳಿದ ಅರ್ಧವು ಯಾವುದೆಂಬುದನ್ನು, ದೂರದೇಶದಿಂದ ಕನ್ನಡ ನಾಡಿಗೆ ಬಂದು ತನ್ನ ಬಾಳಿನ ಬಹುಭಾಗವನ್ನು ಅಲ್ಲಿ ಸವೆಯಿಸಿದ ಒಬ್ಬ ಕ್ರೈಸ್ತ ಮಿಶನರಿಯ ಜೀವನದಿಂದ ತಿಳಿದುಕೊಳ್ಳಬಹುದು. ಅವರೇ ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ಲರು.

ಈ ಲೇಖನಕ್ಕೆ ಕಾರಣನಾದವನು ನಿಮ್ಮಲ್ಲಿಯೇ ಒಬ್ಬನು. ಒಂದು ದಿನ ಏಳನೆಯ ಇಯತ್ತೆಯ ಹುಡುಗನೊಬ್ಬನು, ನಮ್ಮ ಮೇಜಿನ ಮೇಲಿದ್ದ ಕಿಟ್ಟೆಲ್ಲರ ನಿಘಂಟನ್ನು ಎರಡು ಕೈಗಳಿಂದ ಎತ್ತಿ, ಅದರ ಭಾರಕ್ಕೆ ಬೆರಗಾಗಿ, “ಸರ್, ಇವರು ಕನ್ನಡದವರಲ್ಲವಲ್ಲ! ಇವರಿಗೆ ಇದೆಲ್ಲ ಯಾತಕ್ಕೆ ಬೇಕಾಗಿತ್ತು?” ಎಂದು ಕೇಳಿದನು. ಗಂಟೆ ಬಾರಿಸಿತು, ಉತ್ತರ ಅಲ್ಲಿಗೇ ನಿಂತಿತು. ಆ ಪ್ರಶ್ನೆಯು ಮಾತ್ರ ನಮ್ಮನ್ನು ಬಿಡಲಿಲ್ಲ.

ಕಿಟ್ಟೆಲ್ಲರು ಜನಿಸಿದುದು 1832ರಲ್ಲಿ, ಜರ್ಮನಿಯ ಉತ್ತರ ಸಮುದ್ರದ ಕಡೆಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ತಂದೆಯವರು ಪಾದ್ರಿಗಳಾಗಿದ್ದರು. ಅದೇ 1832ರಲ್ಲಿ, ಇತ್ತ ಮದರಾಸಿನಲ್ಲಿ, ವಿಲಿಯಂ ರೀವ್ ಎಂಬ ಇಂಗ್ಲಿಷ್ ಮಿಶನರಿಯ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿದ್ದಿತು. ಮುಂದೆ ಆ ನಿಘಂಟನ್ನು ಮೀರಿಸತಕ್ಕವನು ಆ ವರ್ಷವೇ ಕನ್ನಡದ ಗಾಳಿಯೂ ಸುಳಿಯದ ನಾಡಿನಲ್ಲಿ ಹುಟ್ಟಿದನೆಂಬುದು ಒಂದು ಸೋಜಿಗ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ ಸಂಸ್ಥೆಯಲ್ಲಿ ಶಿಕ್ಷಣ ಪಡೆದು, 1853ರಲ್ಲಿ, ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರು ಭಾರತಕ್ಕೆ ಬಂದರು. ಸುಯೆಜ್ ಕಾಲುವೆ ತೆರೆದುದು 1869ರಲ್ಲಿ. ಅದಕ್ಕೆ ಹದಿನಾರು ವರ್ಷಗಳ ಹಿಂದಿನ ಮಾತಿದು. ಹಾಗೆ ಹೊರಟವರಿಗೆ ತಾಯಿತಂದೆಗಳನ್ನು ಮತ್ತೊಮ್ಮೆ ಕಾಣುವೆವೆಂಬ ಭರವಸೆಯಿರಲಿಲ್ಲ. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಕೊಡಗು, ಹೀಗೆ ಅವರ ಬಾಳು ಕನ್ನಡ ಸೀಮೆಗಳಲ್ಲಿ ಸಾಗಿತು. ಅವರ ಮೊದಲ ಪತ್ನಿ ಪೌಲೀನ ಅವರು ಈ ದೇಶದಲ್ಲಿಯೇ ತೀರಿಕೊಂಡರು. ನಡುವೆ ತಾಯ್ನಾಡಿಗೆ ಹೋದವರು ಮತ್ತೆ ಇಲ್ಲಿಗೇ ಮರಳಿ ಬಂದರು.

ಆ ಮಿಶನಿನವರು ಕನ್ನಡ ನಾಡಿಗೆ ಕೊಟ್ಟದ್ದು ಸಾಮಾನ್ಯವಾದುದಲ್ಲ. ಅವರಲ್ಲಿ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಮುಂದೆ ಶಾಲೆಗಳಾದವು, ಮುದ್ರಣಾಲಯವಾಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಅದೇ ಕನ್ನಡದ ಮೊದಲನೆಯ ವೃತ್ತಪತ್ರಿಕೆ. ಮತಾಂತರ ಹೊಂದಿ ಜಾತಿಯಿಂದ ಹೊರಬಿದ್ದು ಕಸುಬು ಕಳೆದುಕೊಂಡವರಿಗೆ ಅನ್ನದ ದಾರಿಯಾಗಲೆಂದು ನೇಯ್ಗೆಯ ಶಾಲೆಗಳನ್ನೂ, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರಖಾನೆಯನ್ನೂ ತೆರೆದರು. ನಮ್ಮ ಮುಂಬಯಿಯ ಹಳೆಯ ಮನೆಗಳ ಮಾಡುಗಳ ಮೇಲೆ ಕಾಣುವ ಮಂಗಳೂರು ಹೆಂಚಿನ ಮೂಲ ಅಲ್ಲಿಯದು. ಇವೆಲ್ಲ ಕೊಡುವ ಸೇವೆ. ಇದನ್ನು ಮರೆಯಲಾಗದು.

ಕಿಟ್ಟೆಲ್ಲರ ದಾರಿ ಸ್ವಲ್ಪ ಬೇರೆ. ಭಾರತೀಯರ ನಡುವೆ ಭಾರತೀಯನಾಗಿಯೇ ಬಾಳಬೇಕೆಂಬ ಹಂಬಲ ಅವರಿಗಿದ್ದಿತು. ಬಂದೊಡನೆ ಅವರು ಹಿಡಿದುದು ಭಾಷೆಯನ್ನು. ಜನರ ನಡುವೆ ತಿರುಗಿ, ಅವರ ಬಾಯಿಂದ ಬರುವ ಕನ್ನಡವನ್ನು ಕೇಳಿ, ಪಂಡಿತರ ಬಳಿ ಕುಳಿತು ಹಳಗನ್ನಡವನ್ನು ಓದಿದರು. ಅವರ ಈ ರೀತಿಯು ಮಿಶನಿನ ಹಿರಿಯರಿಗೆ ಹಿಡಿಸಲಿಲ್ಲ. ಇಬ್ಬರ ನಡುವೆ ಭಿನ್ನಾಭಿಪ್ರಾಯಗಳು ಬಂದವು. ಮಿಶನರಿಯ ಕೆಲಸವನ್ನು ಅಳೆಯುವ ಅಂದಿನ ಅಳತೆಗೋಲು ಎಷ್ಟು ಜನರು ಮತಕ್ಕೆ ಸೇರಿದರೆಂಬುದಾಗಿದ್ದಿತು. ಆ ಅಳತೆಯಲ್ಲಿ ಕಿಟ್ಟೆಲ್ಲರು ಯಶಸ್ವಿಯೆನಿಸಲಿಲ್ಲ. ದೂರದ ನಾಡಿಗೆ ಬಂದು, ಹೇಳಬೇಕೆಂದು ಬಂದುದನ್ನು ಜನ ಕೇಳದಿರುವಾಗ, ಕಳುಹಿಸಿದವರೂ ಮೆಚ್ಚದಿರುವಾಗ, ಒಬ್ಬ ತರುಣನ ಮನಸ್ಸು ಎಷ್ಟು ಕುಗ್ಗೀತು! ಅವರು ಕೆಲಸವನ್ನು ಬಿಟ್ಟು ಹೊರಟುಹೋಗಲಿಲ್ಲ. ಕಲಿಕೆಯಲ್ಲಿ ಇನ್ನೂ ಆಳಕ್ಕೆ ಇಳಿದರು.

ಅದರ ಫಲವನ್ನು ನೋಡಿರಿ. 1862ರಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ನಾಡಿನ ಛಂದಸ್ಸಿನಲ್ಲಿ ಹಾಡಿ ‘ಕಥಾಮಾಲೆ’ಯನ್ನು ರಚಿಸಿದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಪ್ರಕಟಿಸಿದರು. ವರ್ಷ ವರ್ಷಗಳ ದುಡಿತದ ಬಳಿಕ 1894ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಸುಮಾರು 70,000 ಶಬ್ದಗಳು; 1,700ಕ್ಕೂ ಮಿಕ್ಕಿದ ಪುಟಗಳು. ಭಾರತಕ್ಕೆ ಬಂದಾಗ ಇಪ್ಪತ್ತೊಂದರ ತರುಣರಾಗಿದ್ದವರು ಅಂದಿಗೆ ಅರವತ್ತೆರಡರ ವೃದ್ಧರು.

ಆ ಗ್ರಂಥದ ಒಂದು ಪುಟವನ್ನು ತೆರೆದರೂ ಅವರ ಕೆಲಸದ ರೀತಿ ತಿಳಿಯುತ್ತದೆ. ಒಂದು ಶಬ್ದವನ್ನು ಹಿಡಿದರೆ ಅದು ಹಳೆಯ ಯಾವ ಗ್ರಂಥದಲ್ಲಿ ಬಂದಿದೆ, ಯಾವ ಸೀಮೆಯ ಜನ ಅದನ್ನು ಆಡುತ್ತಾರೆ, ತಮಿಳು ತೆಲುಗು ತುಳು ಮಲಯಾಳಗಳಲ್ಲಿ ಅದರ ನಂಟರಾರು, ಎಂಬುದನ್ನೆಲ್ಲ ತಡಕಿ ಗುರುತಿಸಿದ್ದಾರೆ. ರಾಜಸಭೆಯ ಕವಿಯ ಮಾತಿನ ಪಕ್ಕದಲ್ಲಿಯೇ ಒಕ್ಕಲಿಗನ ಗಾದೆಯನ್ನು ಕೂಡಿಸಿದ್ದಾರೆ. ಆಗ ಕನ್ನಡ ನಾಡು ಹರಿದು ಹಂಚಿಹೋಗಿದ್ದಿತು. ಧಾರವಾಡವು ನಮ್ಮ ಈ ಮುಂಬಯಿ ಪ್ರಾಂತದಲ್ಲಿ, ಮಂಗಳೂರು ಮದರಾಸು ಪ್ರಾಂತದಲ್ಲಿ, ಕಲಬುರ್ಗಿಯು ನಿಜಾಮರಲ್ಲಿ. ಮೈಸೂರು, ಕೊಡಗು ಬೇರೆ ಬೇರೆ. ಈ ತುಂಡುಗಳು ಒಂದು ರಾಜ್ಯವಾದುದು 1956ರಲ್ಲಿ. ಅದಕ್ಕೆ 62 ವರ್ಷ ಮೊದಲೇ ಆ ಎಲ್ಲ ಸೀಮೆಗಳ ಮಾತುಗಳು ಒಂದೇ ಗ್ರಂಥದ ಪುಟಗಳಲ್ಲಿ ಒಟ್ಟಿಗೆ ನಿಂತಿದ್ದವು. 1896ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟನ್ನಿತ್ತಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಹೊರಬಂದಿತು; ಅದೇ ವರ್ಷ ಅವರು ಟ್ಯೂಬಿಂಗೆನ್ನಿನಲ್ಲಿ ಕಾಲವಾದರು.

ಇಲ್ಲಿ ಒಂದು ಆಕ್ಷೇಪವನ್ನು ಮುಚ್ಚಿಡಬಾರದು. “ಅವರು ಕನ್ನಡ ಕಲಿತುದು ನಮ್ಮ ಮೇಲಿನ ಪ್ರೀತಿಯಿಂದಲ್ಲ, ತಮ್ಮ ಮತವನ್ನು ಹರಡುವುದಕ್ಕಾಗಿ” ಎಂದು ಹೇಳುವವರಿದ್ದಾರೆ. ಅವರು ಬಂದ ಉದ್ದೇಶವು ಮತಪ್ರಸಾರವೇ. ಅದನ್ನು ಅವರೆಂದೂ ಬಚ್ಚಿಡಲಿಲ್ಲ. ಆ ಉದ್ದೇಶವನ್ನು ಒಪ್ಪುವುದೂ ಬಿಡುವುದೂ ನಿಮ್ಮ ನಿಮ್ಮ ಮನೆಗಳ ವಿಚಾರ. ಆದರೆ ಯೋಚಿಸಿರಿ: ಮತವನ್ನು ಬೋಧಿಸುವುದಕ್ಕೆ 13ನೆಯ ಶತಮಾನದ ಕೇಶಿರಾಜನ ಸೂತ್ರಗಳು ಬೇಕೆ? 10ನೆಯ ಶತಮಾನದ ನಾಗವರ್ಮನ ವೃತ್ತಗಳು ಬೇಕೆ? ಸಂತೆಯಲ್ಲಿ ನಿಂತು ನಾಲ್ಕು ಮಾತು ಹೇಳುವಷ್ಟು ಭಾಷೆ ಬಂದರೆ ಆ ಕೆಲಸಕ್ಕೆ ಸಾಕಾಗುತ್ತಿದ್ದಿತು. ಉದ್ದೇಶವು ನಿಂತ ಗೆರೆಯನ್ನು ದಾಟಿ ಅವರು ಬಹುದೂರ ನಡೆದರು. ಹಾಗೆ ನಡೆಯಿಸಿದ ಶಕ್ತಿಯನ್ನು ಪ್ರೀತಿಯೆನ್ನದೆ ಮತ್ತೇನೆನ್ನೋಣ? ಅವರು ಹೇಳಲು ಬಂದುದನ್ನು ಕೇಳಿದವರು ಕೆಲವರೇ. ಅವರು ನಮ್ಮಿಂದ ಕೇಳಿ ಕಲಿತುದು ಎಲ್ಲ ಮತದ ಕನ್ನಡಿಗರಿಗೂ ಉಳಿದಿದೆ.

ಸಾಮಾನ್ಯವಾಗಿ ಈ ಕಥೆಯನ್ನು ಹೇಳಿ ಮುಗಿಸುವಾಗ, “ಪರದೇಶದವನೊಬ್ಬನು ನಮ್ಮ ಭಾಷೆಗಾಗಿ ಇಷ್ಟು ದುಡಿದನು, ಕನ್ನಡದ ಮಕ್ಕಳಾದ ನೀವು ಕನ್ನಡಕ್ಕೆ ನಾಚುವಿರಾ?” ಎಂದು ಕೇಳುವ ರೂಢಿಯಿದೆ. ನಾವೂ ಹಲವು ಸಲ ತರಗತಿಯಲ್ಲಿ ಹಾಗೆಯೇ ಕೇಳಿದ್ದೇವೆ. ಆ ಮಾತು ತಪ್ಪಲ್ಲ. ಆದರೆ ಕಿಟ್ಟೆಲ್ಲರು ದುಡಿದುದು ತಮ್ಮ ತಾಯ್ನುಡಿಗಾಗಿ ಅಲ್ಲ. ತಾವು ಅನ್ನ ಉಂಡ ನೆಲದ ನುಡಿಗಾಗಿ. ಆದ್ದರಿಂದ ಅವರ ಬಾಳಿನ ಪಾಠವನ್ನು ನೇರವಾಗಿ ನಮಗೆ ಅನ್ವಯಿಸಿಕೊಂಡರೆ ಬರುವ ಪ್ರಶ್ನೆ ಬೇರೆಯೇ: ಮುಂಬಯಿಯಲ್ಲಿ ಅನ್ನ ಉಣ್ಣುವ ನಾವು ಇಲ್ಲಿಯ ಜನರ ನುಡಿಯನ್ನು ಎಷ್ಟು ಕಲಿತಿದ್ದೇವೆ?

ಈ ಪ್ರಶ್ನೆಗೆ ಮೊದಲು ತಲೆ ತಗ್ಗಿಸಬೇಕಾದವರು ನಾವೇ. ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ಮುಗಿಸಿ, ಈ ನಗರಕ್ಕೆ ಬಂದು ಉಪಾಧ್ಯಾಯ ವೃತ್ತಿಗೆ ನಿಂತ ಮೊದಲ ನಾಲ್ಕು ವರ್ಷ ನಮ್ಮ ಮರಾಠಿಯು ಭಾಜಿಯ ಬೆಲೆ ಕೇಳುವಷ್ಟು, ದಾರಿ ವಿಚಾರಿಸುವಷ್ಟು ಮಾತ್ರ ಇದ್ದಿತು. ಶಾಲೆಯಲ್ಲಿ ಕನ್ನಡ, ಸಂಘದಲ್ಲಿ ಕನ್ನಡ, ಖಾನಾವಳಿಯಲ್ಲಿ ಕನ್ನಡ. ಹೆಚ್ಚಿನದು ಯಾತಕ್ಕೆ ಬೇಕೆಂದಿದ್ದೆವು. ನಾವಿದ್ದ ಚಾಳಿನ ಪಕ್ಕದ ಖೋಲಿಯಲ್ಲಿ ವೃದ್ಧ ದಂಪತಿಗಳಿದ್ದರು. ನಾವು ಜ್ವರದಿಂದ ಮಲಗಿದಾಗ ಆ ತಾಯಿ ನಾಲ್ಕು ದಿನ ಹೊತ್ತು ಹೊತ್ತಿಗೆ ಗಂಜಿ ತಂದಿಟ್ಟು, ಹಣೆ ಮುಟ್ಟಿ ನೋಡಿ, ಏನೇನೋ ಹೇಳಿ ಹೋಗುತ್ತಿದ್ದರು. ನಮಗೆ ಅರ್ಥವಾದುದು ಅರ್ಧ. ಮುಂದೆ ಕೆಲವು ತಿಂಗಳಲ್ಲಿ ಅವರ ಯಜಮಾನರು ತೀರಿಕೊಂಡರು. ಚಾಳಿನವರೆಲ್ಲ ಒಬ್ಬೊಬ್ಬರಾಗಿ ಹೋಗಿ ಎರಡು ಮಾತು ಆಡಿ ಬಂದರು. ನಾವು ಹೋಗಿ ಬಾಗಿಲಲ್ಲಿ ನಿಂತೆವು. ಸಮಾಧಾನದ ಒಂದು ಮಾತು ಬಾಯಿಗೆ ಬರಲಿಲ್ಲ. ಹಾಗೆಯೇ ಕೈಮುಗಿದು ತಿರುಗಿ ಬಂದೆವು.

ಭಾಷೆ ಬೇಕಾಗುವುದು ಪೇಟೆಗಲ್ಲ, ಇಂಥ ಬಾಗಿಲಿಗೆ ಎಂಬುದು ಅಂದು ತಿಳಿಯಿತು. ಮರುದಿನದಿಂದ ಮರಾಠಿಯ ಮೊದಲನೆಯ ಇಯತ್ತೆಯ ಪುಸ್ತಕವನ್ನು ಹಿಡಿದೆವು. ನಮಗೆ ಗುರುಗಳಾದವರು ಆ ಆರನೆಯ ಇಯತ್ತೆಯ ಮಕ್ಕಳೇ. ನಮ್ಮ ಲಿಂಗದ ತಪ್ಪುಗಳಿಗೆ ಅವರು ಎಷ್ಟು ನಕ್ಕರೋ! ಆ ನಗೆಯಿಂದ ನಮಗೆ ನಷ್ಟವೇನೂ ಆಗಲಿಲ್ಲ. ವಿದ್ಯಾರ್ಥಿಯಾಗಿ ಕುಳಿತವನಿಗೆ ಕಲಿಸುವವರ ಮೇಲೆ ತಾನಾಗಿ ಗೌರವ ಹುಟ್ಟುತ್ತದೆ. ಅವರಿಗೂ ಇವನು ನಮ್ಮವನೆಂಬ ಭಾವ ಬರುತ್ತದೆ. ವರ್ಷದ ಬಳಿಕ ಆ ತಾಯಿಯ ಬಳಿ ಕುಳಿತು ಅವರ ಯಜಮಾನರ ಮಾತು ಕೇಳಿದೆವು. ತಡವಾಗಿದ್ದಿತು, ಆದರೂ ಅವರು ಒಂದು ಸಂಜೆಯೆಲ್ಲ ಹೇಳಿದರು.

“ಕನ್ನಡ, ಹಿಂದಿ, ಇಂಗ್ಲಿಷ್, ಅದರ ಮೇಲೆ ಮರಾಠಿ! ಹೊರೆ ಹೆಚ್ಚಾಗದೆ?” ಎಂದು ನೀವು ಕೇಳಬಹುದು. ಅಂಕಗಳಿಗಾಗಿ ಕಲಿತರೆ ಹೊರೆಯೇ. ನೆರೆಮನೆಯವರಿಗಾಗಿ ಕಲಿತರೆ ಹಾಗಲ್ಲ. ಇನ್ನು ಕೆಲವು ಪೋಷಕರಿಗೆ, ಇಲ್ಲಿಯ ಭಾಷೆಯನ್ನು ಅಪ್ಪಿಕೊಂಡರೆ ಕನ್ನಡವು ಜಾರಿಹೋದೀತೆಂಬ ಅಂಜಿಕೆಯಿದೆ. ಕಿಟ್ಟೆಲ್ಲರು ಕನ್ನಡದಲ್ಲಿ ಮುಳುಗಿದರೆಂದು ಜರ್ಮನ್ ಮರೆತರೆ? ಒಂದು ಭಾಷೆಯನ್ನು ಬೇರುಸಹಿತ ಬಲ್ಲವನೇ ಇನ್ನೊಂದರ ಬೇರನ್ನು ಗುರುತಿಸಬಲ್ಲನು. ಅವರ ನಿಘಂಟಿನಲ್ಲಿಯೇ ಮರಾಠಿಯಿಂದ ಬಂದು ಕನ್ನಡದಲ್ಲಿ ಮನೆಮಾಡಿಕೊಂಡ ಶಬ್ದಗಳಿಗೆ ಅವರು ಗುರುತು ಹಾಕಿದ್ದಾರೆ. ನಿಮ್ಮ ಮರಾಠಿ ಗೆಳೆಯರ ಮನೆಗಳಲ್ಲಿ ಅಣ್ಣಾ, ಅಕ್ಕಾ ಎಂದು ಕರೆಯುವುದನ್ನು ನೀವೇ ಕೇಳಿದ್ದೀರಿ. ಈ ಎರಡು ನುಡಿಗಳು ಶತಮಾನಗಳಿಂದ ನೆರೆಹೊರೆಯವರು. ಕನ್ನಡವನ್ನು ಸಡಿಲಗೊಳಿಸಿರೆಂದು ನಾವು ಹೇಳುತ್ತಿಲ್ಲ. ಅದನ್ನು ಗಟ್ಟಿಯಾಗಿ ಹಿಡಿಯುವುದಕ್ಕೇ ಈ ಶಾಲೆಯಿದೆ. ಇನ್ನೊಂದು ಕೈಯನ್ನು ನೆರೆಯವರ ಕಡೆಗೆ ನೀಡಿರೆಂದಷ್ಟೇ ನಮ್ಮ ಮಾತು.

ಇಂದು ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಕಿಟ್ಟೆಲ್ಲರ ಪ್ರತಿಮೆಯಿದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಮದರಾಸು ವಿಶ್ವವಿದ್ಯಾಲಯವು 1968ರಿಂದ 1971ರ ವರೆಗೆ ಅವರ ನಿಘಂಟನ್ನು ಮರಿಯಪ್ಪ ಭಟ್ಟರ ಪರಿಷ್ಕರಣದೊಡನೆ ನಾಲ್ಕು ಸಂಪುಟಗಳಲ್ಲಿ ಮತ್ತೆ ಅಚ್ಚು ಹಾಕಿಸಿತು. ಜನ ಹೀಗೆ ನೆನೆಯುತ್ತಿರುವುದು ಅವರು ಕೊಟ್ಟ ಉಪದೇಶಕ್ಕಾಗಿಯಲ್ಲ, ಅವರು ಕಲಿತ ಕಲಿಕೆಗಾಗಿ.

ಆ ಏಳನೆಯ ಇಯತ್ತೆಯ ಹುಡುಗನು ಈಗ ಎಂಟಕ್ಕೆ ಹೋಗಿದ್ದಾನೆ. ಅವನ ಪ್ರಶ್ನೆಗೆ ಇಷ್ಟು ತಡವಾಗಿ ನಮ್ಮ ಉತ್ತರವಿದು: ಯಾರ ನಡುವೆ ಬಾಳುತ್ತೇವೆಯೋ ಅವರ ಸುಖದುಃಖದ ಮಾತು ತಿಳಿಯಬೇಕು, ತಿಳಿಯದೆ ಅವರಿಗೆ ಏನನ್ನೂ ಕೊಡಲಾಗದು. ಕಿಟ್ಟೆಲ್ಲರಿಗೆ ಅದೆಲ್ಲ ಬೇಕಾಗಿದ್ದುದು ಅದಕ್ಕಾಗಿ. ಈ ಬೇಸಿಗೆಯ ರಜೆಯಲ್ಲಿ ನೀವು ಪ್ರತಿಯೊಬ್ಬರೂ ನಿಮ್ಮ ಚಾಳಿನ ಒಬ್ಬ ಹಿರಿಯರ ಬಳಿ ಕುಳಿತು, ಅವರ ನುಡಿಯಲ್ಲಿಯೇ ಅವರ ಊರಿನ ಕಥೆಯನ್ನು ಕೇಳಿಕೊಂಡು ಬನ್ನಿರಿ. ಶಾಲೆ ತೆರೆದ ಮೊದಲ ದಿನ ಅದನ್ನು ನಮಗೆ ಕನ್ನಡದಲ್ಲಿ ಹೇಳಿರಿ. ಕೇಳುವುದಕ್ಕೆ ನಾವು ಕಾದಿರುತ್ತೇವೆ.